ಜೆರಾಕ್ಸ್ ಅಂಗಡಿಯಿಂದ ಕಂಡ ಚಾಟ್‌ಜಿಪಿಟಿ

ಕಾಲೇಜು ಮಕ್ಕಳು ಎಐ ಬಳಸುತ್ತಾರಾ ಅಂತ ತಿಳಿಯಲು ಸಮೀಕ್ಷೆಯೇನೂ ಬೇಕಿಲ್ಲ. ದಾವಣಗೆರೆಯ ಯಾವುದಾದರೂ ಕಾಲೇಜಿನ ಎದುರು, ಇಂಟರ್ನಲ್ಸ್ ಮುಗಿಯುವ ವಾರ, ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಕೂತರೆ ಸಾಕು. ನನ್ನದೂ ಅಂಥದ್ದೇ ಅಂಗಡಿ, ವಿದ್ಯಾನಗರದ ಕಡೆ. ಇತಿಹಾಸದಲ್ಲಿ ಎಂಎ ಮಾಡಿ, ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳಿ, ಸಂಬಳ ಯಾವ ತಿಂಗಳು ಬರುತ್ತದೋ ಅಂತ ಕಾಯುವುದು ಸಾಕಾಗಿ ಡಿಟಿಪಿ ಹಾಕಿಕೊಂಡವಳು ನಾನು. ಹಾಗಾಗಿ ಅಸೈನ್‌ಮೆಂಟ್ ಅನ್ನುವುದನ್ನ ಕೊಟ್ಟೂ ಗೊತ್ತು, ಪ್ರಿಂಟ್ ತೆಗೆದೂ ಗೊತ್ತು.

ಮೊದಲೆಲ್ಲ ಮಕ್ಕಳು ಪೆನ್‌ಡ್ರೈವ್ ತರುತ್ತಿದ್ದರು. ಈಗ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾರೆ. ಎಷ್ಟೋ ಸಲ ಫೈಲೇ ಇರುವುದಿಲ್ಲ, ಚಾಟ್‌ಜಿಪಿಟಿಯಿಂದ ಕಾಪಿ ಮಾಡಿದ್ದು ಸೀದಾ ಮೆಸೇಜಿನಲ್ಲಿ ಬಂದು ಬಿದ್ದಿರುತ್ತದೆ. ಹೆಡ್ಡಿಂಗಿನ ಮುಂದೆ ಹ್ಯಾಶ್ ಗುರುತು. ಪದಗಳ ಆಚೆ ಈಚೆ ನಕ್ಷತ್ರ. ಮೊದಲ ಸಾಲು, "ಖಂಡಿತ! ನೀವು ಕೇಳಿದ ಪ್ರಬಂಧ ಇಲ್ಲಿದೆ." ಕೊನೆಯ ಸಾಲು, "ಇದನ್ನು ಇನ್ನಷ್ಟು ಚಿಕ್ಕದು ಮಾಡಿಕೊಡಲೇ?"

"ಇವನ್ನೂ ಪ್ರಿಂಟ್ ತೆಗೀಲಾ?" ಅಂತ ಕೇಳುತ್ತೇನೆ.

"ಅಯ್ಯೋ ಬ್ಯಾಡ್ರಿ ಅಕ್ಕಾ, ಅವೆರಡು ಸಾಲು ತೆಗೀರಿ."

ಉಳಿದದ್ದು ಇದ್ದ ಹಾಗೆ ಇರಲಿ ಅಂತ ಅರ್ಥ.

ಕೆಲವು ಕಾಲೇಜಿನವರು ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಅಸೈನ್‌ಮೆಂಟನ್ನ ಕೈಯಲ್ಲೇ ಬರೆದು ಕೊಡಬೇಕು, ಪ್ರಿಂಟ್ ನಡೆಯೋದಿಲ್ಲ. ಒಳ್ಳೆಯ ಉಪಾಯವೇ ಅನ್ನಿಸುತ್ತದೆ ಅಲ್ವಾ? ಆದರೆ ಈಗ ನಡೆಯುವುದೇನು ಅಂದರೆ, ಹುಡುಗ ಮೊಬೈಲನ್ನ ನೀರಿನ ಬಾಟಲಿಗೆ ಒರಗಿಸಿಟ್ಟುಕೊಂಡು, ಎಐ ಬರೆದದ್ದನ್ನ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಇಳಿಸುತ್ತಾನೆ, ಹೆಡ್ಡಿಂಗಿಗೆ ಕಪ್ಪು ಪೆನ್ನು. ಕಣ್ಣು ನೋಯುತ್ತದೆ ಅಂತ ಕೆಲವರು ನನ್ನ ಹತ್ತಿರ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಹೋಗಿ ಬರೆಯುತ್ತಾರೆ. ಅಂದರೆ ಆ ನಿಯಮದಿಂದ ಲಾಭ ಆದದ್ದು ನನಗೆ, ಮತ್ತೆ ಪೆನ್ನು ಮಾರುವವರಿಗೆ.

ಸಮೀಕ್ಷೆ ಬೇಕೇ ಬೇಕು ಅನ್ನುವವರಿಗೆ ಬ್ರಿಟನ್ನಿನದೊಂದು ಇದೆ. ಅಲ್ಲಿನ ಹೈಯರ್ ಎಜುಕೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2024ರಲ್ಲಿ ಪದವಿ ವಿದ್ಯಾರ್ಥಿಗಳನ್ನ ಕೇಳಿದಾಗ ನೂರಕ್ಕೆ 66 ಮಂದಿ ಎಐ ಬಳಸುತ್ತೇವೆ ಅಂದಿದ್ದರು. 2025ರಲ್ಲಿ ಅದು 92 ಆಯಿತು. ನಮ್ಮಲ್ಲಂತೂ ಅದೇ 2025ರಲ್ಲಿ ಎಲ್ಲ ಬಿಟ್ಟಿ ಸಿಗಲು ಶುರುವಾಯಿತು. ಗೂಗಲ್‌ನವರು ಭಾರತದ ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಎಐ ಜೆಮಿನಿಯ, ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾದ ಪ್ಲಾನನ್ನ ಒಂದು ವರ್ಷ ಉಚಿತ ಕೊಟ್ಟರು. ಏರ್‌ಟೆಲ್ ಸಿಮ್ ಇದ್ದವರಿಗೆ ಇನ್ನೊಂದು ಎಐ, ಪರ್‌ಪ್ಲೆಕ್ಸಿಟಿ ಬಂತು. ಜಿಯೋ ಸಿಮ್‌ನವರಿಗೆ ಜೆಮಿನಿ ಬಂತು. ನವೆಂಬರಿನಲ್ಲಿ ಚಾಟ್‌ಜಿಪಿಟಿ ಗೋ ಅನ್ನುವ ಪ್ಲಾನ್ ಕೂಡ ಒಂದು ವರ್ಷ ಫ್ರೀ. ಅದಕ್ಕೂ ಮೊದಲು ತಿಂಗಳಿಗೆ 399 ರೂಪಾಯಿ ಕೊಟ್ಟು ಅದನ್ನ ತೆಗೆದುಕೊಳ್ಳುವ ಹುಡುಗರು ನಮ್ಮ ಕಡೆ ಎಷ್ಟು ಜನ ಇದ್ದಾರು? ಹಾಸ್ಟೆಲಿನ ಮೆಸ್ ಬಿಲ್ ಕಟ್ಟುವುದೇ ಕಷ್ಟ. ಫ್ರೀ ಆದ ಮೇಲೆ ಮಾತೇ ಬೇರೆ.

ಈಗ ಎಲ್ಲರೂ ಹೇಳುವ ಮಾತು, ಎಐ ಬಂದು ಮಕ್ಕಳು ಹಾಳಾದರು, ಕಾಪಿ ಹೊಡೆಯುವುದು ಕಲಿತರು. ಇದನ್ನ ಕೇಳಿದಾಗ ನನಗೆ ನಗು ಬರುತ್ತದೆ. ಡಿಟಿಪಿ ಅಂಗಡಿಯವರನ್ನ ಕೇಳಿ ನೋಡಿ ಸ್ವಾಮಿ. ಸೀನಿಯರ್ ಪ್ರಾಜೆಕ್ಟಿನ ಫೈಲ್ ತೆಗೆದು, ಹೆಸರು, ರಿಜಿಸ್ಟರ್ ನಂಬರ್, ವರ್ಷ ಮೂರನ್ನ ಬದಲಾಯಿಸಿ ಪ್ರಿಂಟ್ ಹಾಕಿಸಿಕೊಂಡು ಹೋಗುವುದು ಎಷ್ಟು ಹಳೆಯ ಪದ್ಧತಿ ಅಂತ. ಹರಿಹರ ತಾಲ್ಲೂಕಿನ ಮೇಲೆ ಮಾಡಿದ ಒಂದು ಹಳೆಯ ಪ್ರಾಜೆಕ್ಟ್ ನಮ್ಮ ಬೀದಿಯ ಕಂಪ್ಯೂಟರುಗಳಲ್ಲಿ ಬಹಳ ವರ್ಷ ಓಡಾಡಿತು. ಯಾರೋ ಒಬ್ಬ ಪುಣ್ಯಾತ್ಮ 'ಹರಿಹರ' ಅಂತ ಇದ್ದಲ್ಲೆಲ್ಲ ಒಂದೇ ಸಲಕ್ಕೆ 'ಜಗಳೂರು' ಮಾಡಿಸಿದ. ಆ ಪ್ರಾಜೆಕ್ಟಿನಲ್ಲಿ ತುಂಗಭದ್ರೆ ಜಗಳೂರಿನ ಪಕ್ಕ ಹರಿದಳು! ಮಳೆಗೆ ಬಾಯಿ ಬಿಟ್ಟುಕೊಂಡು ಕೂತಿರುವ ಜಗಳೂರಿಗೆ ಎಂಥ ಭಾಗ್ಯ. ಅದಕ್ಕೆ ಗೈಡ್ ಸಹಿ ಬಿತ್ತು, ಸೀಲ್ ಬಿತ್ತು, ಮಾರ್ಕ್ಸೂ ಬಂತು.

ನನ್ನ ತಕರಾರು ಇರುವುದು ಇಲ್ಲೇ. ಆ ನದಿಯನ್ನ ಯಾರೂ ನೋಡಲಿಲ್ಲ. ಯಾಕೆಂದರೆ ಯಾರೂ ಓದಲಿಲ್ಲ. ಓದುವವರು ಇಲ್ಲ ಅಂತ ಗೊತ್ತಿರುವ ಕಡೆ ಬರೆಯುವವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಒಂದು ಹುಡುಗನಿಗೆ ನಾನು ನೇರವಾಗಿಯೇ ಕೇಳಿದ್ದೆ, ಒಂದು ಸಲನಾದ್ರೂ ಓದಿ ಕೊಡೋ ಮಾರಾಯ ಅಂತ. ಅವನು ಸ್ಟೇಪ್ಲರ್ ಒತ್ತುತ್ತಾ ಹೇಳಿದ, "ಅಕ್ಕಾ, ಸರ್ ಪುಟ ಎಣಿಸ್ತಾರೆ ಅಷ್ಟೆ. ನಾನ್ಯಾಕೆ ಓದ್ಲಿ?" ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಎಐ ಬಂದು ಆಗಿರುವ ಬದಲಾವಣೆ ಇಷ್ಟು. ಹಳೆಯ ಕಾಪಿ ಹುಡುಕಿದರೆ ಸಿಕ್ಕಿಬೀಳುತ್ತಿತ್ತು, ಹೊಸ ಕಾಪಿ ಹುಡುಕಿದರೂ ಸಿಕ್ಕಿಬೀಳುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯವರು 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮ ಮಾಡಿದರು. ಪ್ರಬಂಧದಲ್ಲಿ ಬೇರೆ ಕಡೆಯ ಬರಹದ ಜೊತೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಪಿಎಚ್‌ಡಿ ಮಾಡುವವರಿಗೆ ಈ ಲೆಕ್ಕ ಬಾಯಿಪಾಠ ಆಗಿರುತ್ತದೆ. ಆದರೆ ಈ ನಿಯಮ ಹಿಡಿಯುವುದು ಹೋಲಿಕೆಯನ್ನ. ಎಐ ಸಾಮಾನ್ಯವಾಗಿ ಯಾರ ಸಾಲನ್ನೂ ಎತ್ತಿ ಇಡುವುದಿಲ್ಲ, ಮುಂದಿನ ಪದ ಯಾವುದಿರಬಹುದು ಅಂತ ಅಂದಾಜು ಮಾಡುತ್ತಾ ಪ್ರತಿ ಸಲ ಹೊಸದಾಗಿ ಸಾಲು ಕಟ್ಟುತ್ತದೆ. ಪಕ್ಕಪಕ್ಕದಲ್ಲಿ ಕೂತ ಇಬ್ಬರು ಒಂದೇ ಪ್ರಶ್ನೆ ಕೇಳಿದರೂ ಉತ್ತರದ ಮಾತುಗಳು ಬೇರೆ ಬೇರೆ. ಹೋಲಿಕೆ ನೋಡುವ ಸಾಫ್ಟ್‌ವೇರ್ ಏನು ಮಾಡಬೇಕು ಪಾಪ.

ಹಾಗಾದರೆ ಎಐ ಬರೆದದ್ದನ್ನ ಹಿಡಿಯುವ ಇನ್ನೊಂದು ಯಂತ್ರ ತನ್ನಿ ಅನ್ನುತ್ತಾರೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯವರೇ 2023ರ ಜನವರಿಯಲ್ಲಿ ಅಂಥದ್ದೊಂದು ತಂದಿದ್ದರು. ಎಐ ಬರೆದ ಬರಹಗಳಲ್ಲಿ ಅದು ಸರಿಯಾಗಿ ಗುರುತಿಸುತ್ತಿದ್ದದ್ದು ನೂರಕ್ಕೆ 26ನ್ನ ಮಾತ್ರ. ಜುಲೈನಲ್ಲಿ ಅವರೇ ವಾಪಸ್ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಯಂತ್ರಗಳಿಗೆ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಸ್ವಂತ ಬರೆದ ಪ್ರಬಂಧಗಳನ್ನ ತಿನ್ನಿಸಿ ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನ ಇವು ಎಐ ಬರೆದದ್ದು ಅಂದುಬಿಟ್ಟವು. ಕಾರಣ, ಸಣ್ಣ ಸಾಲು, ಮಾಮೂಲಿ ಪದ, ಸರಳ ಇಂಗ್ಲಿಷ್. ಅಮೆರಿಕದ ಶಾಲಾ ಮಕ್ಕಳ ಪ್ರಬಂಧಗಳನ್ನ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದವು. ಇಂಥ ಯಂತ್ರವನ್ನ ನಮ್ಮ ಕಡೆ ತಂದು ಕೂರಿಸಿದರೆ ಯಾರು ಸಿಕ್ಕಿಬೀಳುತ್ತಾರೆ ಯೋಚಿಸಿ. ಹೊಸದುರ್ಗದ ಕಡೆಯಿಂದ ಬಂದು, ನಿಘಂಟು ಇಟ್ಟುಕೊಂಡು, ಎದೆ ಗಟ್ಟಿ ಮಾಡಿ ನಾಲ್ಕು ಸಾಲು ಇಂಗ್ಲಿಷ್ ಬರೆದ ಹುಡುಗಿ ಸಿಕ್ಕಿಬೀಳುತ್ತಾಳೆ. ಎಐಗೆ 'ಮನುಷ್ಯರು ಬರೆದ ಹಾಗೆ ಮಾಡು' ಅಂತ ಇನ್ನೊಂದು ಮಾತು ಹೇಳಿದ ಜಾಣ ಪಾರಾಗುತ್ತಾನೆ.

ಇಷ್ಟು ಹೇಳಿದೆ ಅಂತ ನಾನು ಎಐ ವಿರೋಧಿ ಅಂದುಕೊಳ್ಳಬೇಡಿ. ನಮ್ಮ ಮಕ್ಕಳಿಗೆ ಇದರಿಂದ ಆಗಿರುವ ಒಂದು ಉಪಕಾರ ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಕಾಣುವುದು ಕಡಿಮೆ.

ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿಕಾಂ ಸೇರಿದ ಮಕ್ಕಳ ಕಥೆ ಗೊತ್ತಲ್ಲ. ಕ್ಲಾಸಿನಲ್ಲಿ ಪಾಠ ಕನ್ನಡ ಇಂಗ್ಲಿಷ್ ಮಿಶ್ರ, ಪುಸ್ತಕ ಪೂರ್ತಿ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ಸಂಜೆ ಹಾಸ್ಟೆಲಿಗೆ ಹೋದ ಮೇಲೆ ಕೇಳಲು ಯಾರೂ ಇಲ್ಲ. ಟ್ಯೂಷನ್‌ಗೆ ದುಡ್ಡಿಲ್ಲ. ನನ್ನ ಅಂಗಡಿಗೆ ಬರುವ ಒಬ್ಬ ಹುಡುಗ, ಊರು ಜಗಳೂರಿನ ಹತ್ತಿರ, ಕಾಸ್ಟ್ ಅಕೌಂಟಿಂಗ್‌ನಲ್ಲಿ ಬ್ರೇಕ್ ಈವನ್ ಪಾಯಿಂಟ್ ಅರ್ಥವಾಗದೆ ಒದ್ದಾಡುತ್ತಿದ್ದ. ಫಾರ್ಮುಲಾ ಬಾಯಿಪಾಠ, ಯಾಕೆ ಹಾಗೆ ಅಂತ ಮಾತ್ರ ಗೊತ್ತಿಲ್ಲ. ಅವನು ಒಂದು ರಾತ್ರಿ ಜೆಮಿನಿಗೆ ಕೇಳಿದನಂತೆ, ಮಿರ್ಚಿ ಮಂಡಕ್ಕಿ ಗಾಡಿ ಇಟ್ಟವನ ಲೆಕ್ಕದಲ್ಲಿ ಹೇಳು ಅಂತ. ಗಾಡಿ ಬಾಡಿಗೆ ದಿನಕ್ಕೆ 300 ರೂಪಾಯಿ, ವ್ಯಾಪಾರ ಆಗಲಿ ಬಿಡಲಿ ಕೊಡಲೇಬೇಕು. ಒಂದು ಪ್ಲೇಟಿಗೆ ಮಂಡಕ್ಕಿ, ಮೆಣಸಿನಕಾಯಿ, ಎಣ್ಣೆ, ಹಿಟ್ಟು ಎಲ್ಲ ಸೇರಿ 20 ರೂಪಾಯಿ ಖರ್ಚು. ಮಾರುವುದು 30ಕ್ಕೆ. ಪ್ಲೇಟಿಗೆ 10 ಉಳಿಯಿತು. ಆ 300 ಹುಟ್ಟಬೇಕಾದರೆ 30 ಪ್ಲೇಟ್ ಹೋಗಬೇಕು. ಮೂವತ್ತೊಂದನೇ ಪ್ಲೇಟಿನಿಂದ ಲಾಭ. "ಅಕ್ಕಾ, ಇಷ್ಟೇ ನೋಡ್ರಿ ವಿಷಯ!" ಅಂತ ಅವನು ಹೇಳುವಾಗ ಮುಖ ನೋಡಬೇಕಿತ್ತು. ಆಮೇಲೆ ಅವನೇ ಕೇಳಿದ, ಗಾಡಿಯವ ಬಾಡಿಗೆ ಕಟ್ಟದೆ ಸ್ವಂತ ಗಾಡಿ ಮಾಡಿಕೊಂಡರೆ ಲೆಕ್ಕ ಹೇಗೆ ಬದಲಾಗುತ್ತದೆ ಅಂತ. ಅದು ಸಿಲೆಬಸ್‌ನಲ್ಲಿ ಮುಂದಿನ ಪಾಠದ ವಿಷಯ.

ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ, ಇಷ್ಟೂ ಗೊತ್ತಿಲ್ವಾ ಅನ್ನದೆ, ಹತ್ತು ಸಲ ಕೇಳಿದರೂ ಹತ್ತು ಸಲ ಹೇಳುವವರು ಎಷ್ಟು ಜನ ಸಿಗುತ್ತಾರೆ? ಹಿಂದಿನ ಬೆಂಚಿನಲ್ಲಿ ಕೂತು ಡೌಟ್ ಕೇಳಲು ಹೆದರಿ ಮೂರು ವರ್ಷ ಕಳೆದ ಮಕ್ಕಳನ್ನ ನಾನು ಕ್ಲಾಸಿನಲ್ಲಿ ನೋಡಿದ್ದೇನೆ. ಅವರಿಗೆ ಇದು ನಿಜವಾಗಿ ದೊಡ್ಡದು.

ಇದೇ ಮಾತಿಗೆ ಹತ್ತಿರದ ಒಂದು ಪ್ರಯೋಗ ಟರ್ಕಿಯಲ್ಲಿ ಆಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸುಮಾರು ಸಾವಿರ ಹೈಸ್ಕೂಲ್ ಮಕ್ಕಳ ಗಣಿತದ ಮೇಲೆ ಮಾಡಿದ್ದು. ಕಾಲೇಜು ಮಕ್ಕಳಲ್ಲ, ಆದರೂ ನಮಗೆ ಉಪಯೋಗ ಇದೆ. ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿ ಥರದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ ತಿದ್ದಿದ್ದು. ಮೂರನೇ ಗುಂಪಿಗೆ ಏನೂ ಇಲ್ಲ, ಪುಸ್ತಕ ಮಾತ್ರ. ಅಭ್ಯಾಸದ ಲೆಕ್ಕದಲ್ಲಿ ಮೊದಲ ಗುಂಪು ಪುಸ್ತಕದವರಿಗಿಂತ ಶೇ 48ರಷ್ಟು ಚೆನ್ನಾಗಿ ಮಾಡಿತು, ಎರಡನೇ ಗುಂಪು ಶೇ 127. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಇಟ್ಟರು. ಮೊದಲ ಗುಂಪಿನವರು, ಎಐ ಮುಖವನ್ನೇ ನೋಡದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಅಂಥ ಪೆಟ್ಟು ಬೀಳಲಿಲ್ಲ. ಜಗಳೂರಿನ ಹುಡುಗ ಯಾರೂ ಹೇಳಿಕೊಡದೆ ಎರಡನೇ ಗುಂಪಿನ ದಾರಿ ಹಿಡಿದಿದ್ದ. ಅವನಿಗೆ ಉತ್ತರ ಬೇಕಿರಲಿಲ್ಲ, ಅರ್ಥ ಬೇಕಿತ್ತು. ಅದೇ ಹುಡುಗ ಎನ್ವಿರಾನ್‌ಮೆಂಟ್ ಅಸೈನ್‌ಮೆಂಟನ್ನ ಮಾತ್ರ ಪೂರ್ತಿ ಕಾಪಿ ತಂದು ಕೊಟ್ಟ, ಅದನ್ನೂ ಹೇಳಿಬಿಡುತ್ತೇನೆ. "ಅದು ಸುಮ್ನೆ ಅಕ್ಕಾ," ಅಂದ. ಯಾವುದು ನಿಜವಾದ ಕೆಲಸ, ಯಾವುದು ಸುಮ್ನೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿದೆ.

ಇನ್ನು ನನ್ನ ವಿಷಯ, ಇತಿಹಾಸ. ಇಲ್ಲಿ ಎಐ ಕಥೆ ಬೇರೆ.

ಮೊಳಕಾಲ್ಮೂರು ತಾಲ್ಲೂಕಿನ ಒಬ್ಬ ಹುಡುಗಿ ಚಿತ್ರದುರ್ಗದ ಕಡೆ ಎಂಎ ಮಾಡುತ್ತಿದ್ದಾಳೆ. ಅಕ್ಕನ ಮನೆ ದಾವಣಗೆರೆಯಲ್ಲಿ, ಹಾಗಾಗಿ ಪ್ರಿಂಟಿಗೆ ನನ್ನ ಹತ್ತಿರ ಬಂದಳು. ವಿಷಯ ಜಿಲ್ಲೆಯ ಅಶೋಕನ ಶಾಸನಗಳು. ಪುಟ ಜೋಡಿಸುತ್ತಾ ಕಣ್ಣು ಹಾಯಿಸಿದೆ, ಹಳೆಯ ಅಭ್ಯಾಸ. ಬ್ರಹ್ಮಗಿರಿ ಕೊಡಗಿನ ತಲಕಾವೇರಿಯ ಬೆಟ್ಟ, ಅಲ್ಲಿ ಅಶೋಕ ಶಾಸನ ಬರೆಸಿದ ಅಂತ ಇತ್ತು! ಶಾಸನ ಇರುವ ಬ್ರಹ್ಮಗಿರಿ ಇವಳ ಮೊಳಕಾಲ್ಮೂರು ತಾಲ್ಲೂಕಿನಲ್ಲೇ, ಸಿದ್ದಾಪುರದ ಪಕ್ಕ ಇದೆ. ಕೊಡಗಿನಲ್ಲೂ ಒಂದು ಬ್ರಹ್ಮಗಿರಿ ಇದೆ, ಪ್ರವಾಸದ ಬರಹಗಳಲ್ಲಿ ಅದರ ಹೆಸರು ಜಾಸ್ತಿ. ಎಐಗೆ ಎರಡೂ ಒಂದೇ ಆಗಿಹೋಗಿದೆ. ಮುಂದಿನ ಪುಟದಲ್ಲಿ ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಕನ್ನಡದಲ್ಲಿದೆ ಅಂತ. ಅದು ಪ್ರಾಕೃತ ಭಾಷೆಯದು, ಬ್ರಾಹ್ಮಿ ಲಿಪಿಯಲ್ಲಿದೆ, ಕೆರೆಯ ಬಗ್ಗೆ ಹೇಳುತ್ತದೆ, ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದದ್ದು. ಎಲ್ಲಕ್ಕಿಂತ ಸೊಗಸು ಅಂದರೆ ಕೊನೆಯ ಗ್ರಂಥಋಣ. ಪುಸ್ತಕದ ಹೆಸರು, ಪ್ರಕಾಶಕರು, ಪುಟ ಸಂಖ್ಯೆ ಎಲ್ಲ ಅಚ್ಚುಕಟ್ಟು. ಎಷ್ಟು ಹುಡುಕಿದರೂ ಅದರಲ್ಲಿ ಕೆಲವು ಪುಸ್ತಕ ಸಿಗಲೇ ಇಲ್ಲ.

ಅವಳಿಗೆ ತೋರಿಸಿದೆ. ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ನಗಲು ಶುರು ಮಾಡಿದಳು. "ಅಕ್ಕಾ, ನಮ್ಮಜ್ಜಿ ಊರು ಸಿದ್ದಾಪುರದ ಪಕ್ಕ. ಸಣ್ಣವರಿದ್ದಾಗ ಆ ಬೆಟ್ಟದ ಬುಡದಾಗ ಆಡೀವಿ ನಾವು."

ಆಡಿದ ಬೆಟ್ಟವನ್ನ ಮೊಬೈಲ್ ಎತ್ತಿಕೊಂಡು ಹೋಗಿ ಕೊಡಗಿನಲ್ಲಿಟ್ಟರೂ ಇವಳಿಗೆ ಕಾಣಲಿಲ್ಲ. ಯಾಕೆಂದರೆ ಅದು ಅವಳ ಬೆಟ್ಟ ಅಂತ ಆ ಪ್ರಾಜೆಕ್ಟ್ ಬರೆಯುವಾಗ ಅನ್ನಿಸಿಯೇ ಇರಲಿಲ್ಲ. ಅದೊಂದು ಟಾಪಿಕ್, ಅಷ್ಟೆ.

ಬೈಂಡಿಂಗ್ ಮಾಡಿಸಲಿಲ್ಲ ಅವಳು. ಊರಿಗೆ ಹೋಗಿ ಬಂದಳು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಫೋಟೋ ತೆಗೆದಳು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಈ ಮೂರನ್ನೂ ಕಂಡದ್ದು, 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದದ್ದು, ಅಶೋಕನ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ ಇಲ್ಲಿನ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಆ ಶಾಸನ ಅನ್ನುವುದು, ಇದೆಲ್ಲ ಪುಸ್ತಕ ನೋಡಿ ಸರಿ ಮಾಡಿಕೊಂಡಳು. ಆಮೇಲೆ ಶಾಸನದ ಕೊನೆಯಲ್ಲಿರುವ ಚಪಡನ ಬಗ್ಗೆ ಒಂದು ಪುಟ ಸ್ವಂತ ಬರೆದಳು. ಚಪಡ ಅಂದರೆ ಅದನ್ನ ಬರೆದ ಲಿಪಿಕಾರ. ರಾಜನ ಮಾತನ್ನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಹೆಸರು ಹಾಕಿ, 'ಲಿಪಿಕಾರ' ಅನ್ನುವುದನ್ನ ಮಾತ್ರ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಇಲ್ಲಿ ಅದನ್ನ ಓದುವವರು ಯಾರಿದ್ದರು? 'ಅವನು ಯಾರಿಗೆ ತೋರಿಸಲು ಬರೆದ?' ಅಂತ ಅವಳು ಕೇಳಿದ್ದಾಳೆ. ಉತ್ತರ ಕೊಟ್ಟಿಲ್ಲ. ಜಾಗದ ಹೆಸರುಗಳನ್ನ ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯಲು, ಪುಟದ ಸಂಖ್ಯೆ ಜೋಡಿಸಲು ಎಐ ಬಳಸಿದ್ದಾಳೆ. ಬಳಸಲಿ ಬಿಡಿ. ಆ ಒಂದು ಪುಟ ಇದೆಯಲ್ಲ, ಡಿಟಿಪಿ ಮಾಡುವ ನನಗೆ ಅದನ್ನ ಎರಡು ಸಲ ಓದಬೇಕು ಅನ್ನಿಸಿತು. ಇನ್ನೊಬ್ಬರ ಮಾತು ಟೈಪ್ ಮಾಡಿ ಹೊಟ್ಟೆ ಹೊರೆಯುವವಳಿಗೆ ಚಪಡ ಸ್ವಲ್ಪ ಹತ್ತಿರದ ನೆಂಟ.

ನಮ್ಮ ಊರಿನ ಒಂದು ಕಾಲೇಜಿನ ಸಮಾಜಶಾಸ್ತ್ರದ ಮೇಡಂ ಒಬ್ಬರು ಇದನ್ನ ಬೇರೆ ಥರ ಮಾಡುತ್ತಿದ್ದಾರೆ. 'ಅಸಂಘಟಿತ ಕಾರ್ಮಿಕರ ಸಮಸ್ಯೆಗಳು' ಅಂತ ಮಾಮೂಲಿ ಅಸೈನ್‌ಮೆಂಟ್ ಕೊಡುವ ಬದಲು, ಮಂಡಕ್ಕಿ ಹುರಿಯುವ ಭಟ್ಟಿಗೆ ಹೋಗಿ ಒಬ್ಬರ ಜೊತೆ ಮಾತಾಡಿ ಬನ್ನಿ ಅಂದರು. ಭತ್ತ ಎಷ್ಟು ಹೊತ್ತು ನೆನೆಯಬೇಕು, ಮರಳು ಕಾದಿದೆ ಅಂತ ಹೇಗೆ ಗೊತ್ತಾಗುತ್ತದೆ, ಹೊಗೆಗೆ ಕಣ್ಣು ಏನಾಗುತ್ತದೆ, ಚೀಲಕ್ಕೆ ಕೂಲಿ ಎಷ್ಟು, ಮಕ್ಕಳು ಏನು ಓದುತ್ತಿದ್ದಾರೆ. ಎಐ ಬಳಸಬೇಡಿ ಅಂತ ಅವರು ಹೇಳಲಿಲ್ಲ. ಬಳಸಿದರೆ ಎಲ್ಲಿ ಬಳಸಿದಿರಿ ಅಂತ ಒಂದು ಸಾಲು ಬರೆಯಿರಿ ಅಂದರು. ಮಾತಾಡಿದ್ದನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅದನ್ನ ಎಐ ಕೈಲಿ ಅಕ್ಷರಕ್ಕೆ ಇಳಿಸಿಕೊಂಡು ಬಂದವರೂ ಇದ್ದರು. ಭಟ್ಟಿ ಜನರ ಉರ್ದು ಬೆರೆತ ಕನ್ನಡ ಅದಕ್ಕೆ ತಿಳಿಯದೆ ಏನೇನೋ ಬರೆದಿತ್ತು. ಮಕ್ಕಳೇ ಕೂತು, ಕೇಳಿ ಕೇಳಿ ತಿದ್ದಿದರು, ನನ್ನ ಅಂಗಡಿಯ ಮೆಟ್ಟಿಲ ಮೇಲೆ. ಪುಟ ಕಡಿಮೆ, ಗಲಾಟೆ ಜಾಸ್ತಿ. ಆಮೇಲೆ ಮೇಡಂ ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಪ್ರಶ್ನೆ ಕೇಳಿದರು. ಹೋಗದೆ ಬರೆದವರು ಎರಡನೇ ಪ್ರಶ್ನೆಗೇ ತಡವರಿಸಿದರಂತೆ. ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಇದನ್ನೇ ಎಲ್ಲರೂ ಮಾಡಬಹುದಲ್ಲ ಅನ್ನಬಹುದು. ಅಷ್ಟು ಸುಲಭ ಇಲ್ಲ. ಒಂದು ಸೆಕ್ಷನ್‌ನಲ್ಲಿ ನೂರರ ಹತ್ತಿರ ಮಕ್ಕಳು ಇರುತ್ತಾರೆ. ಒಬ್ಬರಿಗೆ ಐದು ನಿಮಿಷ ಅಂದರೂ ಎಂಟು ಗಂಟೆ ಮೇಲಾಯಿತು, ಒಂದು ವಿಷಯಕ್ಕೆ, ಒಂದು ಅಸೈನ್‌ಮೆಂಟಿಗೆ. ಓದುವ ಹೊತ್ತು ಬೇರೆ. ಆ ಮೇಡಂ ಅತಿಥಿ ಉಪನ್ಯಾಸಕಿ. ಅವರ ಕೆಲಸದ ಲೆಕ್ಕ ವಾರಕ್ಕೆ ಎಷ್ಟು ಕ್ಲಾಸ್ ತೆಗೆದುಕೊಂಡರು ಅನ್ನುವುದರ ಮೇಲೆ. ಓದಿದ್ದು, ಪ್ರಶ್ನೆ ಕೇಳಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾನು ಕೊಟ್ಟ ಅಸೈನ್‌ಮೆಂಟುಗಳ ಕಾಲದಲ್ಲೂ ಹೀಗೇ ಇತ್ತು.

ಎಐ ಹಿಡಿಯುವ ಸಾಫ್ಟ್‌ವೇರಿಗೆ ವರ್ಷ ವರ್ಷ ಚಂದಾ ಕಟ್ಟಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಆ ದುಡ್ಡು ಇದ್ದರೆ ಅಸೈನ್‌ಮೆಂಟ್ ಓದುವವರಿಗೆ ಗಂಟೆ ಲೆಕ್ಕದಲ್ಲಿ ಕೊಡಿ. ಸೆಮಿಸ್ಟರಿಗೆ ವಿಷಯಕ್ಕೊಂದು ಅಸೈನ್‌ಮೆಂಟ್ ಬೇಡ, ಒಟ್ಟಿಗೆ ಒಂದೇ ಸಾಕು, ಆದರೆ ಅದನ್ನ ಒಬ್ಬರು ಪೂರ್ತಿ ಓದಲಿ. ನನ್ನ ಪ್ರಿಂಟಿನ ವ್ಯಾಪಾರ ಅರ್ಧ ಆಗುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.